ಅಮಲ್ದಾರರ ಮನೆಯ ಅಮಲು

ಬಂಗಾರಪೇಟೆಯಲ್ಲಿ ಸೀಮೆಯ ಮದ್ಯ ಕುಡಿದವರು ಬೇಕಾದಷ್ಟು ಜನ ಇದ್ದರು. ಅದನ್ನು ಬಲ್ಲವನು ಮಾತ್ರ ಒಬ್ಬನೇ, ಸೋಡಾ ಸೊಣ್ಣಪ್ಪ. ಈ ಮಹಾನುಭಾವ ತನ್ನ ಜನ್ಮದಲ್ಲಿ ಅದರ ಒಂದು ತೊಟ್ಟನ್ನೂ ನಾಲಿಗೆಗೆ ಸೋಕಿಸಿರಲಿಲ್ಲ. ಹಾಗೆಂದು ಅವನ ಪಾಂಡಿತ್ಯಕ್ಕೆ ಯಾವ ಕುಂದೂ ಬಂದಿರಲಿಲ್ಲ. ಕಾಶಿಗೆ ಹೋಗದವರೇ ಕಾಶಿಯ ವಿಷಯ ಹೆಚ್ಚು ಹೇಳುವುದನ್ನು ನಾವು ನೋಡಿಲ್ಲವೇ?

ಸೊಣ್ಣಪ್ಪ ಬೂದಿಕೋಟೆ ಕಡೆಯ ರೈತರ ಮಗ. ಹೊಲವನ್ನು ಅಣ್ಣನಿಗೆ ಬಿಟ್ಟು ಬಂದು, ಸ್ಟೇಷನ್ ರಸ್ತೆಯಲ್ಲಿ ಒಂದು ಗೋಲಿ ಸೋಡಾ ಮಿಷನ್ನು ಇಟ್ಟುಕೊಂಡಿದ್ದ. ಊರಿನ ಅಜೀರ್ಣವೆಲ್ಲ ಅವನ ಸೋಡಾದಿಂದಲೇ ಇಳಿಯಬೇಕು. ಸ್ಟೇಷನ್ನಿನ ಅಂಗಡಿಗೂ ಅವನದೇ ಸೋಡಾ, ಚಿನ್ನದ ಗಣಿಯ ಕೋರಮಂಡಲ ಬಡಾವಣೆಯಲ್ಲಿದ್ದ ದೊರೆಗಳ ಬಂಗಲೆಗಳಿಗೂ ಅವನದೇ. ಬಂಗಲೆಯ ಹಿತ್ತಲ ಬಾಗಿಲಲ್ಲಿ ಪೆಟ್ಟಿಗೆ ಇಳಿಸುವಾಗ ಕುಪ್ಪುಸ್ವಾಮಿ ಎಂಬ ತಮಿಳು ಬಟ್ಲರನ ಸ್ನೇಹವಾಯಿತು. ಆ ಸ್ನೇಹದಿಂದ ದೊರೆಗಳು ಕುಡಿದು ಬಿಟ್ಟ ಖಾಲಿ ಬಾಟ್ಲಿಗಳೂ, ಬಾಟ್ಲಿಗಳ ಜೊತೆಗೆ ವಿದ್ಯೆಯೂ ಸೊಣ್ಣಪ್ಪನ ಮನೆ ಸೇರಿದವು.

“ಮೂಗು ಇಟ್ಟು ನೋಡು ತಂಬಿ,” ಎಂದು ಕುಪ್ಪುಸ್ವಾಮಿ ಪಾಠ ಹೇಳಿದ್ದ. “ಪೊಗೆ ವಾಸನೆ ಬಂದ್ರೆ ವಿಸ್ಕಿ. ದ್ರಾಕ್ಷಿ ವಾಸನೆ ಬಂದ್ರೆ ಬ್ರಾಂದಿ. ಒಂದೂ ಪುರಿಯಲಿಲ್ಲ ಅಂದ್ರೆ ಜಿನ್ನು.”

ಸಂಜೆಯಾಯಿತೆಂದರೆ ಸೊಣ್ಣಪ್ಪನ ಜಗಲಿಯ ಮೇಲೆ ವಿದ್ವತ್ಸಭೆ ಸೇರುತ್ತಿತ್ತು. ಬಣ್ಣದ ಚೀಟಿ ಹಚ್ಚಿದ್ದ ಆ ಖಾಲಿ ಬಾಟ್ಲಿಗಳಿಗೆ ಪಾಪಕ್ಕನ ಅಂಗಡಿಯ ಈಚಲ ಹೆಂಡ ತುಂಬಿಸಿ ಸಾಲಾಗಿ ಇಡುತ್ತಿದ್ದ. ಎದುರುಮನೆಯ ಗಾಡಿ ಬಚ್ಚಪ್ಪ ಒಂದೊಂದರಿಂದಲೂ ಗುಟುಕರಿಸಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದ.

“ಜಿಂಕೆ ಚಿತ್ರದ ಬಾಟ್ಲಿದು ಒಸಿ ಗಡುಸು ಕಣ್ಲಾ ಸೊಣ್ಣ. ಈ ಗಡ್ಡದ ದೊರೆ ಚಿತ್ರದ್ದು ನಯವಾಗಿ ಇಳೀತದೆ.”

“ನಯ ಇಲ್ದೆ ಇರ್ತದಾ? ಅದು ವರ್ಷಗಟ್ಲೆ ಮರದ ಪೀಪಾಯಿನಾಗೆ ಮಲಗಿ ಬಂದದ್ದು,” ಎಂದು ಸೊಣ್ಣಪ್ಪ ವಿವರಿಸುತ್ತಿದ್ದ.

“ಅದು ಬೆಳಿಗ್ಗೆ ಪಾಪಕ್ಕನ ಗಡಿಗೇಲಿ ಮಲಗಿತ್ತು,” ಎಂದು ಒಳಗಿನಿಂದ ಅವನ ಹೆಂಡತಿ ಮುನಿನಾರಾಯಣಮ್ಮ ಹೇಳುತ್ತಿದ್ದಳು. ಹೆಂಗಸರಿಗೆ ಸೀಮೆಯ ವ್ಯವಹಾರ ತಿಳಿಯದೆಂದು ಸಭೆ ಆ ಮಾತನ್ನು ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ.

ಇಷ್ಟು ಸುಖವಾಗಿ ನಡೆಯುತ್ತಿದ್ದ ಸಂಸಾರಕ್ಕೆ ಆರೋಗ್ಯದ ಇನ್ಸ್‌ಪೆಕ್ಟರ್ ವೆಂಕಟರಾಮಪ್ಪನವರ ಕಣ್ಣು ತಗುಲಿತು. ಅವರು ಸೋಡಾ ಅಂಗಡಿಯ ಮುಂದೆ ನಿಂತು ಶುಚಿತ್ವದ ಮೇಲೆ ಉಪದೇಶ ಮಾಡುತ್ತಿದ್ದಾಗ, ಬಿಸಿಲಲ್ಲಿ ಕಾದಿದ್ದ ಒಂದು ಬಾಟ್ಲಿ ಢಮಾರೆಂದು ಸಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಇನ್ಸ್‌ಪೆಕ್ಟರು ಬೆದರಿ ಪಕ್ಕದ ತಿಪ್ಪೆಗೆ ಹಾರಿದ್ದನ್ನು ಇಡೀ ಬೀದಿ ನೋಡಿತು. ಸರ್ಕಾರ ತಿಪ್ಪೆಗೆ ಬಿದ್ದ ಮೇಲೆ ಸುಮ್ಮನಿರುವುದುಂಟೆ? ಮೈ ತೊಳೆದುಕೊಂಡು ಬಂದವರೇ, ತುಂಬಿದ ಸೋಡಾವನ್ನೆಲ್ಲ ಚರಂಡಿಗೆ ಸುರಿಸಿ, ಮಿಷನ್ನಿನ ಚಕ್ರಕ್ಕೆ ದಾರ ಬಿಗಿದು, ಅದರ ಮೇಲೆ ಅರಗಿನ ಮುದ್ರೆ ಒತ್ತಿ ಹೋದರು.

ಚಕ್ರ ನಿಂತಿತು. ಹಗಲೆಲ್ಲ ಗರಗರ ಎನ್ನುತ್ತಿದ್ದ ಅಂಗಡಿ ಮೂಕವಾಯಿತು. ಸೊಣ್ಣಪ್ಪ ದಿನವೂ ಮಿಷನ್ನಿನ ಮುಂದೆ ಕೂತು ಆ ಕೆಂಪು ಅರಗನ್ನು ನೋಡುತ್ತಿದ್ದ. ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ಅದನ್ನು ಒಡೆಸುವ ಅಧಿಕಾರ ಇದ್ದದ್ದು ಪುರಸಭೆಗೂ ಅಧ್ಯಕ್ಷರಾಗಿದ್ದ ಅಮಲ್ದಾರರಿಗೆ ಮಾತ್ರ. ಅವರ ಕಚೇರಿಯ ಬಾಗಿಲಲ್ಲಿ ನಿಂತೂ ನಿಂತೂ ಅವನ ಕಾಲು ಬಿದ್ದುಹೋಗಿತ್ತು.

“ಇಲ್ಲಿ ಕುಂತು ನೋಡಿದ್ರೆ ಅರಗು ಕರಗಾಕಿಲ್ಲ ಕಣಯ್ಯಾ,” ಎಂದಳು ಮುನಿನಾರಾಯಣಮ್ಮ. “ಮಿಷನ್ನು ತಿರುಗದಿದ್ರೆ ಬೂದಿಕೋಟೆಗೆ ಓಗಿ ನಿಮ್ಮಣ್ಣನ ಎಮ್ಮೆ ಮೇಯಿಸ್ಬೇಕು, ಅಷ್ಟೆ.”

ಅಷ್ಟರಲ್ಲಿ ಅಮಲ್ದಾರರ ಗುಮಾಸ್ತೆ ಸೀನಪ್ಪ ಏದುಸಿರು ಬಿಡುತ್ತ ಬಂದ. “ಸೊಣ್ಣಪ್ಪ, ಏಳೋ. ಸಾಹೇಬ್ರು ಮನೆಗೇ ಕರೀತಾರೆ. ಈಗಲೇ ಬಾ.”

ಮುದ್ರೆಗೆ ಮುಕ್ತಿ ಬಂತೆಂದು ಸೊಣ್ಣಪ್ಪ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಬೀದಿಗೆಲ್ಲ ಹೇಳಿಕೊಂಡು ಹೊರಟ.

ಅಮಲ್ದಾರರೆಂದರೆ ಅಮಲಿಗೆ ಅಧಿಕಾರಿ ಎಂದು ಬಚ್ಚಪ್ಪನಂಥವರು ತಿಳಿದಿದ್ದರು. ನಿಜಕ್ಕೂ ಆ ಸಾಹೇಬರು ಕಾಫಿಯನ್ನು ಸಹ ಎರಡನೆಯ ಲೋಟ ಕೇಳಿದವರಲ್ಲ. ಆದರೆ ಅಂದು ಸಂಜೆ ಗಣಿಯ ಹೊಸ ದೊರೆ ಮೊಟ್ಟಮೊದಲ ಬಾರಿಗೆ ಅವರ ಮನೆಗೆ ಬರುವುದಿತ್ತು. ದೊರೆಗೆ ಮಜ್ಜಿಗೆ ಕೊಟ್ಟು ಕಳಿಸಲಾದೀತೆ? ರಾಬರ್ಟ್‌ಸನ್‌ಪೇಟೆಯಿಂದ ಒಂದು ಪೆಟ್ಟಿಗೆ ತುಂಬ ಬಗೆಬಗೆಯ ಸೀಮೆ ಬಾಟ್ಲಿಗಳನ್ನು ಗುಟ್ಟಾಗಿ ತರಿಸಿದ್ದರು. ಗುಟ್ಟು ಬೀದಿಯವರೆಗೆ ಉಳಿಯಿತು, ಬಾಗಿಲಲ್ಲಿ ಉಳಿಯಲಿಲ್ಲ. ಬಾಗಿಲಲ್ಲಿ ಅವರ ತಾಯಿ ಸರಸ್ವತಮ್ಮನವರು ನಿಂತಿದ್ದರು.

“ಅದೇನಾದರೂ ಇರಲಿ,” ಎಂದರು ಸರಸ್ವತಮ್ಮನವರು. “ನಿನ್ನ ಉದ್ಯೋಗಕ್ಕೆ ಬೇಕಾದರೆ ತರಿಸಿಕೊ. ಆದರೆ ಕಂಡವರು ಮುಟ್ಟಿದ್ದು ತೊಳೆಯದೆ ನನ್ನ ಹೊಸ್ತಿಲು ದಾಟಕೂಡದು.”

ತೊಳೆಯುವ ಕೆಲಸ ಮನೆಗೆಲಸದ ಮಂಗಮ್ಮನ ಪಾಲಿಗೆ ಬಂತು. ಮಂಗಮ್ಮ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವ ಆಳಲ್ಲ. ಬಾಟ್ಲಿಗಳನ್ನು ಬಿಸಿನೀರಿನ ಹಂಡೆಯಲ್ಲಿ ನೆನೆಹಾಕಿ, ಹುಣಸೆಹಣ್ಣು ಹಚ್ಚಿ, ಬೂದಿಯಲ್ಲಿ ತಿಕ್ಕಿ, ಸೀಗೆಪುಡಿಯಲ್ಲಿ ಮೀಯಿಸಿ, ಕೊನೆಗೆ ಒಂದೊಂದಕ್ಕೂ ಅರಿಶಿನದ ಬೊಟ್ಟಿಟ್ಟು ಹಿತ್ತಲ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದ್ದಳು. ಎಲ್ಲವೂ ಮದುವೆಗೆ ಹೊರಟ ಹಾಗೆ ಫಳಫಳ ಹೊಳೆಯುತ್ತಿದ್ದವು. ಯಾವುದರ ಮೇಲೂ ಚೀಟಿಯ ಚೂರೂ ಇರಲಿಲ್ಲ.

“ಅಂಟ್ಕೊಂಡುಬಿಟ್ಟಿದ್ವು ಬುದ್ಧಿ, ಬತ್ತಾನೇ ಇರ್ಲಿಲ್ಲ,” ಎಂದಳು ಮಂಗಮ್ಮ ಅಭಿಮಾನದಿಂದ. “ಉಗುರಾಗೆ ಕೆರೆದು ಕೆರೆದು ಕಿತ್ತಾಕಿದೆ.”

ಅಮಲ್ದಾರರು ಸೊಣ್ಣಪ್ಪನನ್ನು ಕಂಡವರೇ ಕೈ ಹಿಡಿಯುವುದೊಂದು ಬಾಕಿ. “ನೋಡಯ್ಯಾ ಸೊಣ್ಣಪ್ಪ, ಇದರಲ್ಲಿ ಯಾವುದು ಯಾವುದೆಂದು ಹೇಳುವವನು ಈ ತಾಲ್ಲೂಕಿನಲ್ಲಿ ನೀನೊಬ್ಬನೇ ಅಂತೆ. ವಿಸ್ಕಿ ಕೇಳಿದ ದೊರೆಗೆ ಬ್ರಾಂದಿ ಕೊಟ್ಟು ಒಬ್ಬ ಅಮಲ್ದಾರ ಮಲೇರಿಯಾ ಸೀಮೆಗೆ ವರ್ಗವಾಗಿ ಹೋದನಂತೆ. ನನ್ನ ಮಾನ ನಿನ್ನ ನಾಲಿಗೆಯ ಮೇಲಿದೆ.”

“ಬುದ್ಧಿ, ನನ್ನ ಮಿಷನ್ನಿನ ಮುದ್ರೆ...”

“ಈ ಸಂಜೆ ಸಸೂತ್ರವಾಗಿ ಕಳೆಯಲಿ, ಮುದ್ರೆ ಒಡೆಸುತ್ತೇನೆ. ಕೆಟ್ಟಿತೋ, ಮಿಷನ್ನನ್ನೇ ಕಿತ್ತು ಹಾಕಿಸುತ್ತೇನೆ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಸತ್ಯ ಹೇಳಿ ಕಾಲಿಗೆ ಬೀಳುತ್ತಿದ್ದರು. ಸೊಣ್ಣಪ್ಪ ಮೀಸೆ ತಿರುವಿ, “ಅದೇನ್ ಮಹಾ ಬುದ್ಧಿ, ಮೂಗಿದ್ರೆ ಸಾಕು,” ಎಂದ.

ದೊರೆಯ ಜೊತೆಗಿರಲೆಂದು ಸ್ಟೇಷನ್ ಮಾಸ್ಟರನ್ನೂ ಇನ್ಸ್‌ಪೆಕ್ಟರ್ ವೆಂಕಟರಾಮಪ್ಪನವರನ್ನೂ ಕರೆಸಲಾಗಿತ್ತು. ಅವರಿಬ್ಬರೂ ಹೊತ್ತಿಗೆ ಮುಂಚೆಯೇ ಬಂದು ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡರು. ಬಚ್ಚಪ್ಪ ಗೋಡೆಯ ಆಚೆ ತನ್ನ ಗಾಡಿಯ ಮೇಲೆ ಹತ್ತಿ ನಿಂತ. ಸೀನಪ್ಪ ಹೊಸ ಚೀಟಿ ಬರೆಯಲು ಮಸಿ, ಅಂಟಿಸಲು ಅನ್ನದ ಗಂಜಿ ಇಟ್ಟುಕೊಂಡು ಕೂತ.

ಸೊಣ್ಣಪ್ಪ ಮೊದಲ ಬಾಟ್ಲಿಯ ಬಿರಡೆ ತೆಗೆಸಿ, ಗುರುವನ್ನು ನೆನೆದು, ಮೂಗಿಟ್ಟ. ಸೀಗೆಪುಡಿಯ ವಾಸನೆ. ಎರಡನೆಯದಕ್ಕೆ ಮೂಗಿಟ್ಟ. ಅದೂ ಸೀಗೆಪುಡಿ. ಮಂಗಮ್ಮನ ಶ್ರದ್ಧೆ ಬಾಟ್ಲಿಯ ಕುತ್ತಿಗೆಯವರೆಗೂ ಮುಟ್ಟಿತ್ತು. ಕುಪ್ಪುಸ್ವಾಮಿಯ ವಿದ್ಯೆ ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ನಾಲಿಗೆ.

ಅವನು ಬೆಳ್ಳಿಯ ಬಟ್ಟಲಲ್ಲಿ ಒಂದಿಷ್ಟು ಬಗ್ಗಿಸಿಕೊಂಡು ಬಾಯಿಗೆ ಹಾಕಿಕೊಂಡ. ಅದು ಗಂಟಲಲ್ಲಿ ಬೆಂಕಿಯಾಗಿ ಇಳಿದು, ಹೊಟ್ಟೆಯಲ್ಲಿ ಒಂದು ಸುತ್ತು ಹಾಕಿ, ಕಿವಿಗಳಲ್ಲಿ ಹೊರಗೆ ಬಂತು. ಕಣ್ಣಲ್ಲಿ ನೀರು ತುಂಬಿತು.

“ವಿಸ್ಕಿ,” ಎಂದ ಸೊಣ್ಣಪ್ಪ. “ಒಳ್ಳೇ ಮನೆತನದ್ದು.”

ಸೀನಪ್ಪ ‘ವಿಸ್ಕಿ’ ಎಂದು ಬರೆದು ಅಂಟಿಸಿದ. ಎರಡನೆಯದು ಬಾಯಿಗೆ ಬಂತು.

“ಇದೂ ವಿಸ್ಕಿನೇ ಬುದ್ಧಿ. ಅದರ ಚಿಕ್ಕಪ್ಪನ ಮಗ.”

“ಹೇಗೆ ಗೊತ್ತಾಯಿತು?” ಎಂದರು ಸ್ಟೇಷನ್ ಮಾಸ್ಟರು, ಮುಂದಕ್ಕೆ ಬಾಗಿ.

“ಮೊದಲ್ನೇದ್ರಾಗೆ ಬಚ್ಚಲ ಒಲೆ ಹೊಗೆ ಐತೆ ಸ್ವಾಮಿ. ಇದ್ರಾಗೆ ಅಡಿಗೆ ಒಲೆ ಹೊಗೆ.”

ಎಲ್ಲರೂ ತಲೆದೂಗಿದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಹೊತ್ತಿನವರೆಗೆ ಸೊಣ್ಣಪ್ಪ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಮೂರನೆಯದನ್ನು ಜೀರಿಗೆ ಕಷಾಯದ ತಂಗಿ, ಬಾಣಂತಿಯರಿಗೆ ಆಗುತ್ತೆ ಎಂದ. ಅದು ಜಿನ್ನು. ಸೀನಪ್ಪ ಮಾತ್ರ ಚೀಟಿಯ ಮೇಲೆ ‘ಬಾಣಂತಿ’ ಎಂದು ಬರೆದ. ನಾಲ್ಕನೆಯದು ದ್ರಾಕ್ಷಿ ಎಂದ. ಐದನೆಯದನ್ನು ಕುಡಿದು, “ಆಲೆಮನೆ ಮುಂದೆ ನಿಂತಂಗಾಯ್ತದೆ, ಇದು ಬೆಲ್ಲದ್ದೇ,” ಎಂದ. ರಮ್ಮಿನ ಜಾತಕವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಾರರು. ಕೊನೆಯ ಬೀರನ್ನು ಗಟಗಟನೆ ಇಳಿಸಿ, “ಹುಳಿ ಬಂದ ರಾಗಿ ಅಂಬಲಿ. ಒಂದು ಈರುಳ್ಳಿ ಇದ್ದಿದ್ರೆ ಊಟಾನೇ ಆಗೋಗ್ತಿತ್ತು,” ಎಂದು ಬಾಯಿ ಒರೆಸಿಕೊಂಡ.

“ಭಲೇ,” ಎಂದರು ಅಮಲ್ದಾರರು. ಗೋಡೆಯ ಮೇಲಿನಿಂದ ಬಚ್ಚಪ್ಪ, “ನಮ್ ಜಗಲಿ ಮ್ಯಾಗೆ ಕಲ್ತಿದ್ದು ಬುದ್ಧಿ,” ಎಂದ.

ವೆಂಕಟರಾಮಪ್ಪನವರಿಗೆ ಮಾತ್ರ ಈ ಸಂಭ್ರಮ ಸಹಿಸಲಾಗಲಿಲ್ಲ. ತಾವು ಮುದ್ರೆ ಹಾಕಿದ ಮನುಷ್ಯ ಹೀಗೆ ಮೆರೆಯುವುದೆಂದರೇನು? ಒಬ್ಬನ ನಾಲಿಗೆಯನ್ನು ನಂಬುವುದು ಕಾನೂನಿಗೆ ಒಪ್ಪುವುದಿಲ್ಲ, ಮದರಾಸಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು ಎಂದು ವಾದಕ್ಕೆ ನಿಂತರು. ದೊರೆ ಬರುವುದು ಈ ಸಂಜೆಯೇ ಹೊರತು ಮುಂದಿನ ತಿಂಗಳಲ್ಲ ಎಂದು ಸ್ಟೇಷನ್ ಮಾಸ್ಟರು ಎದುರು ವಾದಿಸಿದರು. ವಾದ ಬಿಸಿಯಾಗಿ ನಡೆಯುತ್ತಿದ್ದಾಗ ಹಿತ್ತಲಲ್ಲಿ ಕಟ್ಟಿದ್ದ ಸರಸ್ವತಮ್ಮನವರ ಹಸು ಹಗ್ಗ ಎಳೆದುಕೊಂಡು ಬಂದು, ಅನ್ನದ ಗಂಜಿಯ ರುಚಿ ಕಂಡು, ಬಾಟ್ಲಿಗಳ ಮೇಲಿದ್ದ ಚೀಟಿಗಳನ್ನು ಒಂದೊಂದಾಗಿ ನೆಕ್ಕಿ ನುಂಗಿತು. ಸಾಲದೆಂದು ತಲೆಯಾಡಿಸಿ ಬಾಟ್ಲಿಗಳ ಸಾಲನ್ನೂ ಕೆಡಿಸಿತು. ಎಲ್ಲರೂ ತಿರುಗಿ ನೋಡುವಾಗ ಅದು ‘ಬಾಣಂತಿ’ಯನ್ನು ಮೆಲುಕು ಹಾಕುತ್ತಿತ್ತು.

“ಇನ್ನೊಂದು ಸಲ ನೋಡಿಬಿಡು ಸೊಣ್ಣಪ್ಪ,” ಎಂದರು ಅಮಲ್ದಾರರು ಬೆವರು ಒರೆಸಿಕೊಳ್ಳುತ್ತ. “ಹೊತ್ತು ಮುಳುಗುತ್ತಿದೆ.”

ಸೊಣ್ಣಪ್ಪ ಸಂತೋಷದಿಂದ ನೋಡಿದ. ಈ ಸಲ ಗಂಟಲು ಉರಿಯಲಿಲ್ಲ. ಮೊದಲನೆಯದು ಸ್ನೇಹಿತನ ಹಾಗೆ ಇಳಿಯಿತು, ಎರಡನೆಯದು ನೆಂಟನ ಹಾಗೆ. ಮೂರು ಮುಗಿಯುವ ಹೊತ್ತಿಗೆ ಅವನಿಗೆ ಲೋಕದಲ್ಲಿ ಯಾರ ಮೇಲೂ ದ್ವೇಷ ಉಳಿಯಲಿಲ್ಲ, ವೆಂಕಟರಾಮಪ್ಪನವರ ಮೇಲೂ. ಆರನ್ನೂ ಮುಗಿಸಿ ಬಾಟ್ಲಿಗಳನ್ನು ಪ್ರೀತಿಯಿಂದ ನೋಡುತ್ತ ಕೂತ.

“ಯಾವುದು ಯಾವುದಯ್ಯಾ?”

“ಎಲ್ಲಾ ಒಂದೇ ಮನೇವ್ರು ಬುದ್ಧಿ. ಅಣ್ಣ ತಮ್ಮಂದ್ರು.”

“ಬೇರೆ ಬೇರೆ ಮಾಡಯ್ಯಾ.”

“ಅಣ್ತಮ್ಮಂದ್ರನ್ನ ಬ್ಯಾರೆ ಮಾಡೋ ಪಾಪ ನಂಗ್ಯಾಕೆ ಬುದ್ಧಿ? ಒಟ್ಟು ಕುಟುಂಬ ಚೆಂದ.” ಹೀಗೆಂದವನೇ ಮಂಗಮ್ಮ ತೊಳೆದಿಟ್ಟಿದ್ದ ದೊಡ್ಡ ಹಿತ್ತಾಳೆ ಪಾತ್ರೆಯನ್ನು ಎಳೆದುಕೊಂಡು, ಆರು ಬಾಟ್ಲಿಗಳನ್ನೂ ಅದಕ್ಕೆ ಬಗ್ಗಿಸಿ, ನಿಂಬೆಹಣ್ಣು ಹಿಂಡಿ, ಬೆಲ್ಲದ ಒಂದು ಅಚ್ಚು ಹಾಕಿ ಸೌಟಿನಿಂದ ತಿರುವತೊಡಗಿದ. ಹಿಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

“ಅಯ್ಯೋ ಪಾಪಿ, ಏನಿದು?”

“ಕ್ಲಬ್ಬಿನಾಗೆ ದೊರೆಗಳು ಇಂಗೇ ಕುಡಿಯೋದು. ಕುಪ್ಪುಸ್ವಾಮಿ ಹೇಳವ್ನೆ. ಇದಕ್ಕೆ ಕಾಕ್‌ಟೇಲು ಅಂತಾರೆ.”

ಅಮಲ್ದಾರರು ಇಂಗ್ಲಿಷಿನಲ್ಲಿ ಪಾಸು ಮಾಡಿದವರು. ಆ ಪದವನ್ನು ಬಿಡಿಸಿದರು. ಬಿಡಿಸಿದ ಮೇಲೆ ಮುಖ ಬಿಳಿಚಿತು. “ಕಾಕ್ ಎಂದರೆ ಹುಂಜ. ಟೇಲ್ ಎಂದರೆ ಬಾಲ. ಸೊಣ್ಣಪ್ಪ, ಸತ್ಯ ಹೇಳು. ನಮ್ಮ ಪಾತ್ರೆಗೆ ಏನು ಹಾಕಿದೆ?”

“ಹುಂಜವೇ?” ಎಂದು ಅಡಿಗೆಮನೆಯಿಂದ ಸರಸ್ವತಮ್ಮನವರ ಧ್ವನಿ ಬಂತು. “ಹಬ್ಬದ ಪಾಯಸ ಮಾಡುವ ಪಾತ್ರೆಯಲ್ಲಿ ಹುಂಜವೇ?”

ಹಿತ್ತಲಲ್ಲಿ ಹುಂಜದ ಶೋಧ ನಡೆಯಿತು. ಸೀನಪ್ಪ ಸೌಟಿನಿಂದ ಪಾತ್ರೆಯ ತಳ ಕೆದಕಿದ. ಮಂಗಮ್ಮ ಬೇಲಿಯ ಬುಡದಲ್ಲಿ ಪುಕ್ಕ ಹುಡುಕಿದಳು. ಬಚ್ಚಪ್ಪ ಗೋಡೆಯ ಆಚೆಯಿಂದ, “ನಂ ಹುಂಜ ಗಾಡಿನಾಗೇ ಐತೆ ಬುದ್ಧಿ, ಬಾಲಾನೂ ಐತೆ,” ಎಂದು ಸಾಕ್ಷಿ ಹೇಳಿದ. ಕೊನೆಗೆ ಸ್ಟೇಷನ್ ಮಾಸ್ಟರು, ಅದು ಬರೀ ಹೆಸರು, ಒಳಗೆ ಮಾಂಸವಿರುವುದಿಲ್ಲ ಎಂದು ರೈಲ್ವೆಯ ಮೇಲೆ ಆಣೆಯಿಟ್ಟರು. ಬೇಕಾದರೆ ತಾವೇ ಕುಡಿದು ತೋರಿಸುವುದಾಗಿ ಹೇಳಿ, ತೋರಿಸಿಯೂ ಬಿಟ್ಟರು.

ತೋರಿಸಿದ ಮೇಲೆ ಅವರು ಲೋಟವನ್ನು ಮತ್ತೊಮ್ಮೆ ತುಂಬಿಸಿಕೊಂಡರು. ಆಮೇಲೆ, ಇದರಲ್ಲಿ ಯಾವುದೋ ಬೆಟ್ಟದ ಗಾಳಿಯಿದೆ ಎಂದರು. ಬೆಟ್ಟದ ಗಾಳಿಯಲ್ಲಿ ರೋಗಾಣು ಇದ್ದೀತೆಂದು ವೆಂಕಟರಾಮಪ್ಪನವರು ಕರ್ತವ್ಯದ ಮೇಲೆ ಒಂದು ಲೋಟ ಪರೀಕ್ಷಿಸಿದರು. ಒಂದರಿಂದ ನಿರ್ಣಯಕ್ಕೆ ಬರುವುದು ತಪ್ಪೆಂದು ಮತ್ತೊಂದನ್ನು ಪರೀಕ್ಷಿಸಿದರು. ಬೆಟ್ಟದ ಗಾಳಿಯಲ್ಲ, ಸಮುದ್ರದ ಗಾಳಿ ಎಂದು ವರದಿ ಕೊಟ್ಟರು. ಬೆಟ್ಟವೋ ಸಮುದ್ರವೋ ಎಂಬ ತೌಲನಿಕ ಚರ್ಚೆ ಬೆಳೆದು, ಪಾತ್ರೆ ಅರ್ಧ ಇಳಿದಾಗ, ಬೀದಿಯಲ್ಲಿ ದೊರೆಯ ಮೋಟಾರು ನಿಂತ ಸದ್ದಾಯಿತು.

ದೊರೆ ಉದ್ದಕ್ಕೆ ತೆಳ್ಳಗಿದ್ದ ಮನುಷ್ಯ. ಗಣಿಯವರ ಜೊತೆ ಬೆರೆತು ತಮಿಳೇ ಮೊದಲಾದ ಎರಡು ಮೂರು ಭಾಷೆ ಸೇರಿದ ಒಂದು ಕನ್ನಡ ಕಲಿತಿದ್ದ. ಅಮಲ್ದಾರರು ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ, ಬೆಳ್ಳಿಯ ಲೋಟವನ್ನು ಮುಂದೆ ಹಿಡಿದರು. ಸೊಣ್ಣಪ್ಪ ಕಂಬ ತಬ್ಬಿಕೊಂಡು ನಿಂತಿದ್ದ. ಮಿಷನ್ನಿನ ಹಣೆಬರಹ ಆ ಲೋಟದಲ್ಲಿತ್ತು.

ದೊರೆ ಲೋಟವನ್ನು ಮೂಸಿ, ಮೆಲ್ಲಗೆ ಮೇಜಿನ ಮೇಲೆ ಇಟ್ಟ.

“ಕ್ಷಮಿಸಬೇಕು. ನಾನ್ ಕುಡಿಯೋದ್ ಇಲ್ಲೆ. ನಮ್ ಅಮ್ಮ ಬೇಡ ಸೊಲ್ಲಿತು. ಅಮ್ಮಂಗೆ ಮಾತು ಕೊಟ್ಟೆ.”

ಬಾಗಿಲ ಹಿಂದೆ ನಿಂತಿದ್ದ ಸರಸ್ವತಮ್ಮನವರು, “ಅಮ್ಮನ ಮಾತು ಕೇಳುವ ಮಕ್ಕಳು ಆ ದೇಶದಲ್ಲೂ ಇದ್ದಾರೆ,” ಎಂದರು. ಅದು ಯಾರಿಗೆ ಹೇಳಿದ್ದೆಂದು ಅಮಲ್ದಾರರಿಗೆ ಗೊತ್ತಾಯಿತು.

“ಹಾಗಾದರೆ ತಮಗೆ ಏನು ಕೊಡಲಿ?” ಎಂದರು ಅವರು ಕುಗ್ಗಿದ ಧ್ವನಿಯಲ್ಲಿ.

“ಸೋಡಾ ಸಾಕು. ಬಂಗಲೇಲಿ ತುಂಬ ದಿನ ಆಯ್ತು, ಸೋಡಾ ವರಲೆ. ಬಂಗಾರಪೇಟೆಲಿ ಸಿಗುತ್ತೆ ಅಂತ ಆಸೆ ಇಟ್ಟು ಬಂದೆ.”

“ಸೊಣ್ಣಪ್ಪ, ಸೋಡಾ,” ಎಂದರು ಅಮಲ್ದಾರರು.

ಸೊಣ್ಣಪ್ಪ ಅವರನ್ನೇ ನೋಡಿದ. ಮದ್ಯದ ವಿದ್ವಾಂಸನಾಗುವ ಭರದಲ್ಲಿ ತಾನು ಸೋಡಾ ಮಾಡುವವನೆಂಬುದು ಅವನಿಗೇ ಮರೆತುಹೋಗಿತ್ತು. ಈಗ ನೆನಪಾಯಿತು. ಅವನು ಕಂಬ ಬಿಟ್ಟು ನೆಟ್ಟಗೆ ನಿಂತ.

“ಸೋಡಾ ಇಲ್ಲ ಬುದ್ಧಿ. ಇಡೀ ಊರಾಗೇ ಇಲ್ಲ. ಇದ್ದಿದ್ದನ್ನ ಚರಂಡಿ ಕುಡೀತು. ಮಿಷನ್ನಿಗೆ ಮುದ್ರೆ ಬಿದ್ದೈತೆ.”

ಎಲ್ಲರೂ ವೆಂಕಟರಾಮಪ್ಪನವರ ಕಡೆ ತಿರುಗಿದರು. ಅವರು ಸಮುದ್ರದ ಗಾಳಿಯಲ್ಲಿ ತೂಗುತ್ತ, “ಅರ್ಜಿ ಬರಬೇಕು, ತನಿಖೆ ಆಗಬೇಕು, ಅನಂತರ...” ಎಂದು ಶುರು ಮಾಡಿದರು.

“ಅನಂತರ ನಿಮ್ಮನ್ನು ಮಲೇರಿಯಾ ಸೀಮೆಗೆ ಕಳಿಸುತ್ತೇನೆ,” ಎಂದರು ಅಮಲ್ದಾರರು. “ಎದ್ದು ಹೋಗಿ ಮುದ್ರೆ ಒಡೆಯಿರಿ.”

ಆ ಸಂಜೆ ಸ್ಟೇಷನ್ ರಸ್ತೆ ಕಂಡ ಮೆರವಣಿಗೆಯನ್ನು ಊರವರು ಬಹಳ ಕಾಲ ಹೇಳಿಕೊಂಡು ನಕ್ಕರು. ಮುಂದೆ ಇನ್ಸ್‌ಪೆಕ್ಟರು, ಅವರ ಭುಜ ಹಿಡಿದು ಸೊಣ್ಣಪ್ಪ, ಇಬ್ಬರೂ ಬೀಳದಂತೆ ಹಿಂದೆ ಬಚ್ಚಪ್ಪನ ಗಾಡಿ. ಮುನಿನಾರಾಯಣಮ್ಮ ಬಾಗಿಲಲ್ಲೇ ಗಂಡನ ಮುಖ ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ಬಾಟ್ಲಿ ತೊಳೆದು ನೀರು ತುಂಬಿಸಿ ಮಿಷನ್ನಿಗೆ ಇಟ್ಟಳು. ವೆಂಕಟರಾಮಪ್ಪನವರು ತಾವೇ ಒತ್ತಿದ ಅರಗನ್ನು ತಾವೇ ಕಲ್ಲಿನಿಂದ ಕುಟ್ಟಿ ಒಡೆದರು. ಸೊಣ್ಣಪ್ಪನ ಕಣ್ಣಿಗೆ ಚಕ್ರದ ಹಿಡಿ ಎರಡೆರಡಾಗಿ ಕಾಣುತ್ತಿತ್ತು, ಯಾವುದನ್ನು ಹಿಡಿದರೂ ಅದು ಅಲ್ಲಿರಲಿಲ್ಲ.

“ನೀವೇ ತಿರುಗಿಸ್ರಿ ಸ್ವಾಮಿ,” ಎಂದಳು ಮುನಿನಾರಾಯಣಮ್ಮ. “ನಿಲ್ಲಿಸಿದ್ದು ನೀವೇ ಅಲ್ವಾ?”

ಸರ್ಕಾರ ಬೆವರು ಸುರಿಸುತ್ತ ಚಕ್ರ ತಿರುಗಿಸಿತು. ಗರಗರ ಸದ್ದು ಕೇಳಿ ಸೊಣ್ಣಪ್ಪ ನಿಂತಲ್ಲೇ ಗಳಗಳನೆ ಅತ್ತುಬಿಟ್ಟ.

ಬಚ್ಚಪ್ಪನ ಗಾಡಿಯಲ್ಲಿ ಅಮಲ್ದಾರರ ಮನೆಗೆ ಬಂದ ಸೋಡಾವನ್ನು ದೊರೆ ಕುಡಿದ. ಒಂದು ಮುಗಿಸಿ ಇನ್ನೊಂದು ಕುಡಿದ. “ಭಾಳ ನಲ್ಲ ಸೋಡಾ,” ಎಂದು ಹೊಗಳಿ, ಅಮಲ್ದಾರರ ಕೈ ಕುಲುಕಿ, ಮೋಟಾರು ಹತ್ತಿ ಹೋದ. ಸೋಡಾ ಇಳಿದು ಸ್ಟೇಷನ್ ಮಾಸ್ಟರಿಗೂ ವೆಂಕಟರಾಮಪ್ಪನವರಿಗೂ ಬುದ್ಧಿ ತಿಳಿಯಾಯಿತು. ತಿಳಿಯಾದ ಕೂಡಲೇ ವೆಂಕಟರಾಮಪ್ಪನವರಿಗೆ ಕಾನೂನು ನೆನಪಾಯಿತು. ಅವರ ಕೈ ಕೋಟಿನ ಜೇಬಿನಿಂದ ಅರಗಿನ ಕಡ್ಡಿ ತೆಗೆಯುತ್ತಿತ್ತು.

“ಸಾಹೇಬರು ಕೊಟ್ಟ ಮಾತು, ಸಂಜೆ ಸಸೂತ್ರವಾಗಿ ಕಳೆದರೆ ಎಂದು,” ಎಂದರು ಅವರು. “ದೊರೆ ಲೋಟ ಮುಟ್ಟಲೇ ಇಲ್ಲ. ಇದು ಸಸೂತ್ರ ಹೇಗಾದೀತು? ಒಡೆದದ್ದು ತಾತ್ಕಾಲಿಕ. ಈಗಲೇ ಮತ್ತೆ ಮುದ್ರೆ ಹಾಕಿ ಬರುತ್ತೇನೆ.”

ಅಮಲ್ದಾರರು ಕಾನೂನಿಗೆ ಹೆದರುವವರು. ಮೀಸೆ ನೇವರಿಸಿಕೊಳ್ಳುತ್ತ ನಿಂತರು.

ಅಷ್ಟರಲ್ಲಿ ಸರಸ್ವತಮ್ಮನವರು ಹೊರಗೆ ಬಂದು, ಉಳಿದಿದ್ದ ಒಂದು ಸೋಡಾ ಬಾಟ್ಲಿಯನ್ನು ದೂರದಿಂದಲೇ ನೋಡಿದರು.

“ಇದರಲ್ಲಿ ಏನೇನಿರುತ್ತದಪ್ಪ?”

“ನೀರು ತಾಯಿ, ಗಾಳಿ. ಇನ್ನೇನೂ ಇಲ್ಲ,” ಎಂದ ಸೊಣ್ಣಪ್ಪ ಕೈಮುಗಿದು.

“ವಾಯುವಿಗೆ ಒಳ್ಳೆಯದಂತೆ, ಹೌದೆ? ಔಷಧಿ ಎಂದುಕೊಂಡರೆ ತಪ್ಪೇನಿಲ್ಲ. ಮಂಗಮ್ಮ, ಅದನ್ನು ತೊಳೆದು ನನ್ನ ಚೊಂಬಿಗೆ ಬಗ್ಗಿಸೇ.”

ಅವರು ಚೊಂಬನ್ನು ಎತ್ತಿ, ತುಟಿಗೆ ಸೋಕದಂತೆ ಮೇಲಿನಿಂದ ಬಾಯಿಗೆ ಸುರಿದುಕೊಂಡರು. ಕಣ್ಣು ಮುಚ್ಚಿದರು. ವರ್ಷಗಳಿಂದ ಒಳಗೆ ಕೂತಿದ್ದ ಏನೋ ಒಂದು, ಅಂಗಳಕ್ಕೆಲ್ಲ ಕೇಳುವ ಹಾಗೆ, ದೀರ್ಘವಾದ ಒಂದು ತೇಗಾಗಿ ಹೊರಗೆ ಬಂತು. ಹಸು ಸಹ ತಿರುಗಿ ನೋಡಿತು.

“ಅಬ್ಬ, ಪ್ರಾಣ ಬಂತು,” ಎಂದರು ಸರಸ್ವತಮ್ಮನವರು. “ನಾಳೆಯಿಂದ ದಿನಕ್ಕೊಂದು ತಂದುಕೊಡು ಸೊಣ್ಣಪ್ಪ.” ಆಮೇಲೆ ವೆಂಕಟರಾಮಪ್ಪನವರ ಕಡೆ ತಿರುಗಿ, “ಅದೇನಪ್ಪ ಕೈಯಲ್ಲಿ, ಕೆಂಪಗೆ?” ಎಂದು ಕೇಳಿದರು.

“ಏನಿಲ್ಲಮ್ಮ,” ಎಂದರು ಇನ್ಸ್‌ಪೆಕ್ಟರು, ಅರಗನ್ನು ಜೇಬಿಗೆ ಹಾಕಿಕೊಂಡು.